ಐದು ಎಸಳಿನ ಗುಲಾಬಿ: ಸಿ.ಐ.ಇ. ಪದಕ ಕೊಳ್ಳುವ ಮುನ್ನ

ಹಳೆಯ ಪದಕ ಕೂಡಿಡುವವರಿಗೆ ಬ್ರಿಟಿಷ್ ಆಳ್ವಿಕೆಯ ಕಾಲದ ಗೌರವವಾದ ‘ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’ ಪದಕ ಕಣ್ಣಿಗೆ ಹಬ್ಬ, ಜೇಬಿಗೆ ಪರೀಕ್ಷೆ. ಕೆಂಪು ಎನಾಮೆಲ್ಲಿನ ಐದೆಸಳ ಗುಲಾಬಿ, ಮೇಲೆ ಕಿರೀಟ, ನಡುವೆ ವಿಕ್ಟೋರಿಯಾ ಮುಖ. ಮುಂದೆ ದೊರೆಗಳು ಬದಲಾದರೂ ಆ ಮುಖ ಬದಲಾಗಲಿಲ್ಲ. ಹಾಗಾಗಿ ಮುಖ ನೋಡಿ ಕಾಲ ಹೇಳಲು ಹೋಗಬೇಡಿ.

ಕಾಲ ಹೇಳುವುದು ಎಸಳುಗಳು. 1878ರಲ್ಲಿ ಶುರುವಾದಾಗ ಇದ್ದದ್ದು ‘ಕಂಪ್ಯಾನಿಯನ್’ (ಸಿ.ಐ.ಇ.) ಎಂಬ ಒಂದೇ ದರ್ಜೆ. ಆಗಿನ ಪದಕದ ಐದು ಎಸಳಿನ ಮೇಲೆ INDIA ಪದದ ಐದಕ್ಷರ, ಎಸಳಿಗೊಂದರಂತೆ. 1887ರಲ್ಲಿ ನೈಟ್ ಕಮಾಂಡರ್ (ಕೆ.ಸಿ.ಐ.ಇ.), ನೈಟ್ ಗ್ರ್ಯಾಂಡ್ ಕಮಾಂಡರ್ (ಜಿ.ಸಿ.ಐ.ಇ.) ದರ್ಜೆಗಳು ಸೇರಿದವು, ಪದಕ ಚಿಕ್ಕದಾಯಿತು, ಅಕ್ಷರ ಮಾಯವಾದವು. ನಮ್ಮ ಮಟ್ಟಿಗೆ ಅಕ್ಷರದ ಗುಲಾಬಿಯ ಮುಂದೆ ಉಳಿದದ್ದೆಲ್ಲ ಸಪ್ಪೆ.

ಮೋಸ ಹೋಗುವುದು ದರ್ಜೆಯಲ್ಲಿ. ಮೂರರಲ್ಲೂ ಗುಲಾಬಿ ಒಂದೇ ಬಗೆಯದು, ವ್ಯತ್ಯಾಸ ತೊಡುವ ರೀತಿಯಲ್ಲಿ. ಜಿ.ಸಿ.ಐ.ಇ.ಗೆ ಹೆಗಲಿನಿಂದ ಇಳಿಯುವ ಗಾಢ ನೀಲಿ ಪಟ್ಟಿ, ಚಿನ್ನ-ಬೆಳ್ಳಿ ಕಿರಣಗಳ ಹತ್ತು ಮೂಲೆಯ ನಕ್ಷತ್ರ, ಜೊತೆಗೆ ಆನೆ, ನವಿಲು, ಗುಲಾಬಿ ಪೋಣಿಸಿದ ಚಿನ್ನದ ಸರ. ಕೆ.ಸಿ.ಐ.ಇ.ಗೆ ಕೊರಳ ರಿಬ್ಬನ್, ಎದೆಗೆ ಬರೀ ಬೆಳ್ಳಿಯ ನಕ್ಷತ್ರ. ಸಿ.ಐ.ಇ. ಮೊದಲು ಎದೆಯ ಮೇಲಿತ್ತು, 1917ರಿಂದ ಅದೂ ಕೊರಳಿಗೇರಿತು. ಹೀಗಾಗಿ ನಕ್ಷತ್ರವಿಲ್ಲದ ಕೊರಳ ಪದಕವನ್ನು ‘ಕೆ.ಸಿ.ಐ.ಇ.’ ಎಂದು ಮಾರಲು ಬಂದರೆ ನಂಬಬೇಡಿ, ಸಿ.ಐ.ಇ. ಬೆಲೆಯನ್ನಷ್ಟೇ ಕೊಡಿ.

ಇನ್ನು ಸ್ಥಿತಿ. ಎಸಳಿನ ತುದಿ, ಎಸಳುಗಳ ನಡುವಿನ ಹಸಿರು, ಈ ಎರಡು ಕಡೆ ಎನಾಮೆಲ್ ಮೊದಲು ಚಕ್ಕೆಯೇಳುತ್ತದೆ. ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ತಿರುಗಿಸಿ. ಮೂಲ ಎನಾಮೆಲ್ ಗಾಜಿನಂತೆ ಸಮನಾಗಿ ಹೊಳೆಯುತ್ತದೆ. ತೇಪೆ ಹಾಕಿದ ಬಣ್ಣ ಮಂಕಾಗಿ, ಅಂಚಿನಲ್ಲಿ ಉಬ್ಬಿ ಕಾಣುತ್ತದೆ. ನಡುವಿನ ಉಂಗುರದ ‘ಇಂಪೆರಾಟ್ರಿಸಿಸ್ ಆಸ್ಪಿಸಿಯಿಸ್’ (ಸಾಮ್ರಾಜ್ಞಿಯ ಆಶ್ರಯದಲ್ಲಿ) ಬರಹ ಸವೆದಿದ್ದರೆ ಅತಿಯಾಗಿ ಉಜ್ಜಿದ್ದಾರೆಂದೇ ತಿಳಿಯಿರಿ.

ದೊಡ್ಡ ಕೊರತೆ: ಪದಕದ ಮೇಲೆ ಪಡೆದವರ ಹೆಸರು ಕೊರೆದಿರುವುದಿಲ್ಲ. ವಿಶ್ವೇಶ್ವರಯ್ಯನವರಿಗೆ 1911ರಲ್ಲಿ ಸಿ.ಐ.ಇ., 1915ರಲ್ಲಿ ಕೆ.ಸಿ.ಐ.ಇ. ಸಂದದ್ದು ದಾಖಲೆಯ ಮಾತು. ಆದರೆ ‘ಇದು ದಿವಾನರ ಮನೆಯದು’ ಎನ್ನುವವರು ಕಾಗದಪತ್ರ ತೋರಿಸದಿದ್ದರೆ ಆ ಮಾತಿಗೆ ಒಂದು ರೂಪಾಯಿಯೂ ಹೆಚ್ಚಿಗೆ ಕೊಡಬೇಕಿಲ್ಲ. ನೂರು ವರ್ಷ ದಾಟಿದ ಪದಕವನ್ನು ದೇಶದಾಚೆಗೆ ಮಾರುವ ಲೆಕ್ಕಾಚಾರವಿದ್ದರೆ, 1972ರ ಪುರಾವಸ್ತು ಕಾಯ್ದೆಯನ್ನು ಮೊದಲೇ ಓದಿಕೊಳ್ಳಿ.