ಮೂರಂತಸ್ತಿನ ಕಾಂಪೋಸ್ಟ್ ಮಡಕೆ: ಮಂಗಳೂರು ಮಳೆಗೆ ಹೇಗಿದೆ?

2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲೇ ಇದ್ದಾಗ ಅಡುಗೆಮನೆ ಕಸ ಎಷ್ಟಾಗುತ್ತದೆ ಅಂತ ಗೊತ್ತಾಯಿತು. ಅದೆಲ್ಲ ಹೋಗುವುದು ಮಂಗಳೂರಿನ ಕಸ ಸುರಿಯುವ ಜಾಗ ಪಚ್ಚನಾಡಿಗೆ. 2019ರ ಆಗಸ್ಟ್‌ನಲ್ಲಿ ಅಲ್ಲಿನ ಕಸದ ಗುಡ್ಡ ಜರಿದು ಪಕ್ಕದ ಮಂದಾರ ಎಂಬ ಊರಿನ ಮನೆ, ತೋಟಗಳ ಮೇಲೆ ಬಂದದ್ದು ನೆನಪಿದೆ ಅಲ್ವಾ? ಕೊರಿಯರ್ ಶುರುವಾದ ಕೂಡಲೇ ಈ ಮಡಕೆ ತರಿಸಿದೆ. ಈಗಲೂ ಕದ್ರಿಯ ನಮ್ಮ ಬಾಲ್ಕನಿಯಲ್ಲಿದೆ.

ಒಂದರ ಮೇಲೊಂದು ಮೂರು ಮಣ್ಣಿನ ಮಡಕೆ. ಮೇಲಿನದಕ್ಕೆ ಕಸ, ಅದರ ಮೇಲೆ ಒಂದು ಹಿಡಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ತುಂಬಿದರೆ ನಡುವಿನದರ ಜೊತೆ ಅದಲು ಬದಲು. ಬಸಳೆ ದಂಟು, ಸೌತೆ ಸಿಪ್ಪೆ ಬೇಗ ಕರಗುತ್ತವೆ. ಹಲಸಿನ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಮೀನು ಬೇಡವೇ ಬೇಡ. ಬೂತಾಯಿ ತಲೆ ಹಾಕಿದರೆ ಬೆಕ್ಕು ಮುಚ್ಚಳವನ್ನೇ ಉರುಳಿಸುತ್ತದೆ.

ಜೂನ್ ಬಂದರೆ ಕತೆ ಬೇರೆ. ಮಣ್ಣಿನ ಮಡಕೆಯಲ್ಲಿ ಗಾಳಿಯಾಡುತ್ತದೆ, ನಿಜ. ಆದರೆ ನಮ್ಮ ಮಳೆಗಾಲದಲ್ಲಿ ಗಾಳಿಯೇ ಒದ್ದೆ! ಕಸ ಜಿಗುಟಾಗಿ ಹುಳಿ ವಾಸನೆ ಬರುತ್ತದೆ. ಕೋಕೋಪೀಟ್ ಜಾಸ್ತಿ ಮಾಡಿ, ಹರಿದ ಪೇಪರ್ ಸೇರಿಸಿ ಕೆದಕಿದರೆ ಹತೋಟಿಗೆ ಬರುತ್ತದೆ. ಬೂದು ಬಣ್ಣದ ದಪ್ಪ ಹುಳುಗಳು ಕಂಡರೆ ಗಾಬರಿ ಬೇಡ, ಅವು ಕಸ ತಿನ್ನುವ ಒಂದು ಜಾತಿ ನೊಣದ ಮರಿಗಳು, ಕಚ್ಚುವುದಿಲ್ಲ. ನಮ್ಮ ಅತ್ತೆ ಮಾತ್ರ ಇನ್ನೂ ಆ ಕಡೆ ಹೋಗುವುದಿಲ್ಲ.

ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮಾರಿದವರಿಗೆ ಫೋಟೊ ಕಳಿಸಿದರೂ ಉತ್ತರ ಇಲ್ಲ. ಮೇಲೊಂದು ಗ್ರಾನೈಟ್ ತುಂಡು ಇಟ್ಟಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಫ್ಲ್ಯಾಟಿನ ಸಣ್ಣ ಸಂಸಾರಕ್ಕೆ ಸಾಕು. ಅಂಗಳ ಇರುವವರು ಸುಮ್ನೆ ದುಡ್ಡು ಹಾಕಬೇಡಿ, ತೆಂಗಿನ ಬುಡದಲ್ಲಿ ಗುಂಡಿ ತೋಡಿದರೆ ಆಯಿತು.