ಹಾಬಿಜೋನ್ ಚಾಂಪ್: ಕಲಿಯುವವರಿಗೆ ಒಪ್ಪುವ ಪುಟ್ಟ ವಿಮಾನ

ರೇಡಿಯೋ ನಿಯಂತ್ರಿತ ವಿಮಾನವನ್ನು ಯಾವ ಮಾದರಿಯಿಂದ ಕಲಿಯಲು ಆರಂಭಿಸಬೇಕೆಂದು ಯಾರಾದರೂ ಕೇಳಿದರೆ ನಾನು ಈಗಲೂ ಹೇಳುವ ಹೆಸರು ಹಾಬಿಜೋನ್ ಚಾಂಪ್. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 515 ಮಿ.ಮೀ., ಒಟ್ಟು ತೂಕ ಸುಮಾರು 38 ಗ್ರಾಂ. 1940ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಏರೋಂಕಾ ಚಾಂಪಿಯನ್ ಎಂಬ ಎರಡು ಆಸನಗಳ ವಿಮಾನದ ರೂಪವನ್ನು ಇದಕ್ಕೆ ಕೊಟ್ಟಿದ್ದಾರೆ. ಮಾದರಿ ಹಳೆಯದು, ನನ್ನ ಬಳಿ ಇರುವುದು ಬೇರೊಬ್ಬರು ಹಾರಿಸಿ ಕೊಟ್ಟದ್ದು. ಹಾಗಿದ್ದರೂ ಅದರ ಹಾರಾಟದ ಗುಣ ಒಂದಿಷ್ಟೂ ಮಾಸಿಲ್ಲ.

ಆ ಗುಣ ಯಾವುದೆಂದರೆ ನಿಧಾನ. ಚಾಂಪ್‌ನಲ್ಲಿ ನಿಯಂತ್ರಣಗಳು ಮೂರೇ: ಮೋಟರಿನ ವೇಗಕ್ಕೆ ಥ್ರಾಟಲ್, ಮೂಗನ್ನು ಏರಿಸಿ ಇಳಿಸಲು ಎಲಿವೇಟರ್, ತಿರುಗಿಸಲು ರಡ್ಡರ್. ರೆಕ್ಕೆಯ ಮೇಲೆ, ವಿಮಾನವನ್ನು ಪಕ್ಕಕ್ಕೆ ಬಾಗಿಸುವ ಹಲಗೆಗಳಾದ ಏಲೆರಾನ್‌ಗಳಿಲ್ಲ. ಅದರ ಬದಲು ಎರಡೂ ರೆಕ್ಕೆಗಳು ಬುಡದಿಂದ ತುದಿಯ ಕಡೆಗೆ ಸ್ವಲ್ಪ ಮೇಲೆದ್ದಿವೆ. ರಡ್ಡರ್ ಮೂಗನ್ನು ಒಂದು ಪಕ್ಕಕ್ಕೆ ತಳ್ಳಿದಾಗ ಹೊರಗಿನ ರೆಕ್ಕೆಗೆ ಗಾಳಿ ಹೆಚ್ಚಿನ ಕೋನದಲ್ಲಿ ತಾಗಿ ಅದು ಮೇಲೇಳುತ್ತದೆ, ವಿಮಾನ ಬಾಗಿ ತಿರುಗುತ್ತದೆ. ಕೈ ಬಿಟ್ಟರೆ ಅದೇ ಆಕಾರ ಅದನ್ನು ನಿಧಾನವಾಗಿ ಸಮತಟ್ಟಿಗೆ ತರುತ್ತದೆ. ಈಗ ಮಾರುಕಟ್ಟೆಯಲ್ಲಿರುವ ಅನೇಕ ಸಣ್ಣ ವಿಮಾನಗಳು ವಾಲಿಕೆಯನ್ನು ಗುರುತಿಸುವ ಗೈರೊ ಸೆನ್ಸರ್‌ಗಳ ನೆರವಿನಿಂದ ತಾವೇ ಸರಿಪಡಿಸಿಕೊಳ್ಳುತ್ತವೆ, ಮೊದಲ ದಿನದ ಮಟ್ಟಿಗೆ ಅವು ಸುಲಭವೂ ಹೌದು. ಆದರೆ ಅಲ್ಲಿ ತಪ್ಪನ್ನು ಕಲಿಯುವವರ ಕಣ್ಣಿಗೆ ಬೀಳುವ ಮೊದಲೇ ಯಂತ್ರ ತಿದ್ದಿಬಿಡುತ್ತದೆ. ಚಾಂಪ್ ತಪ್ಪನ್ನು ತೋರಿಸುತ್ತದೆ, ತಿದ್ದಲು ಸಮಯವನ್ನೂ ಕೊಡುತ್ತದೆ. ಕಲಿಕೆಗೆ ಇದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸಬರಿಗೆ ನಿಜವಾದ ಕಷ್ಟ ಎದುರಾಗುವುದು ವಿಮಾನ ನಮ್ಮ ಕಡೆಗೆ ತಿರುಗಿ ಬರುವಾಗ. ನಮ್ಮಿಂದ ದೂರ ಹೋಗುವಾಗ ರಿಮೋಟ್‌ನ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲಕ್ಕೆ ಹೋದಂತೆ ಕಾಣುವ ವಿಮಾನ, ಎದುರಿಗೆ ಬರುವಾಗ ನಮ್ಮ ಎಡಕ್ಕೆ ಸರಿಯುತ್ತದೆ. ಇದಕ್ಕೆ ಹಳಬರು ಹೇಳಿಕೊಡುವ ಉಪಾಯ ಬಹಳ ಸರಳ: ಯಾವ ಕಡೆಯ ರೆಕ್ಕೆ ಕೆಳಗೆ ಬಾಗಿದಂತೆ ಕಾಣುತ್ತದೆಯೋ ಆ ಕಡೆಗೇ ಕಡ್ಡಿ ಒತ್ತಿ, ಆ ರೆಕ್ಕೆಗೆ ಊರುಗೋಲು ಕೊಟ್ಟಂತೆ. ಚಾಂಪ್‌ನ ವೇಗದಲ್ಲಿ ಇದನ್ನು ಯೋಚಿಸಿ ಮಾಡುವಷ್ಟು ಅವಕಾಶವಿರುತ್ತದೆ.

ಬೆಂಗಳೂರಿನಲ್ಲಿ ಇದನ್ನು ಹಾರಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇ. 8ರಷ್ಟು ತೆಳು, ಹೀಗಾಗಿ ವಿಮಾನ ಅಷ್ಟೇ ತೂಕವನ್ನು ಎತ್ತಿ ಹಿಡಿಯಲು ಸ್ವಲ್ಪ ಹೆಚ್ಚು ವೇಗದಲ್ಲಿ ಸಾಗಬೇಕಾಗುತ್ತದೆ. ಈ ವ್ಯತ್ಯಾಸ ಸಣ್ಣದು. ಬೀಸುಗಾಳಿ ಮಾತ್ರ ದೊಡ್ಡ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಿಂದ ಬೀಸುವ ಮುಂಗಾರಿನ ಗಾಳಿಯಲ್ಲಿ 38 ಗ್ರಾಂ ತೂಕದ ವಸ್ತು ಮುಂದೆ ಸಾಗದೆ ನಿಂತಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ, ಆ ತಿಂಗಳುಗಳಲ್ಲಿ ಅದನ್ನು ಪೆಟ್ಟಿಗೆಯಲ್ಲಿಡುವುದೇ ಸರಿ. ಉಳಿದ ಕಾಲದಲ್ಲಿ ಬೆಳಗ್ಗೆ ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿ, ಬಯಲಿನ ಅಂಚಿನ ಹೊಂಗೆ ಎಲೆಗಳು ಅಲ್ಲಾಡದಿರುವಾಗ ಹಾರಿಸಿದರೆ ಈ ವಿಮಾನದ ಸೊಗಸು ಪೂರ್ತಿ ಕಾಣುತ್ತದೆ. ಬಿಸಿಲು ಏರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯೂ, ಅದನ್ನೇ ಹಿಡಿದು ಸುತ್ತುವ ಹದ್ದುಗಳೂ ಬರುತ್ತವೆ. ಹದ್ದು ಹತ್ತಿರ ಬಂದರೆ ಥ್ರಾಟಲ್ ತಗ್ಗಿಸಿ ಕೆಳಗಿಳಿಸಿಬಿಡುವುದು ಹಕ್ಕಿಗೂ ವಿಮಾನಕ್ಕೂ ಕ್ಷೇಮ.

ಜಾಗದ ವಿಚಾರದಲ್ಲಿ ಉದಾಸೀನ ಸಲ್ಲದು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ಮಾನವರಹಿತ ವಿಮಾನ ನ್ಯಾನೋ ವರ್ಗಕ್ಕೆ ಸೇರುತ್ತದೆ, ಅದನ್ನು ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ವಾಯುಪ್ರದೇಶದ ಕೆಂಪು, ಹಳದಿ ವಲಯಗಳ ನಿರ್ಬಂಧದಿಂದ ತೂಕ ಕಡಿಮೆಯೆಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣ, ಯಲಹಂಕದ ವಾಯುನೆಲೆ, ಜಕ್ಕೂರು ಏರೋಡ್ರೋಮ್, ದೇವನಹಳ್ಳಿಯ ನಿಲ್ದಾಣ ಇವೆಲ್ಲ ಇರುವ ನಮ್ಮ ನಗರದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಇದು ದೊಡ್ಡ ತೊಡಕು. ಮನೆಯಿಂದ ಹೊರಡುವ ಮೊದಲು ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಿ, ಮೈದಾನದವರ ಅನುಮತಿಯನ್ನೂ ಪಡೆದುಕೊಳ್ಳಬೇಕು. ನಾನು ಕೆಂಗೇರಿಯ ಆಚೆಗಿನ ಬಯಲಿಗೆ ಹೋಗುವುದು ಇದೇ ಕಾರಣದಿಂದ.

ಇನ್ನು ಬ್ಯಾಟರಿ. ಈ ವಿಮಾನದ ಆಯುಷ್ಯ ನಿರ್ಧಾರವಾಗುವುದು ಇಲ್ಲೇ ಎಂದು ನಾನು ನಂಬುತ್ತೇನೆ. ಒಂದೇ ಸೆಲ್‌ನ, 3.7 ವೋಲ್ಟ್, 150 ಮಿಲಿಆಂಪ್-ಅವರ್ ಲಿಥಿಯಂ ಪಾಲಿಮರ್ ಬ್ಯಾಟರಿ ಹೆಬ್ಬೆರಳಿಗಿಂತ ದೊಡ್ಡದಲ್ಲ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ತೋರಿಸುವ ಅದನ್ನು 3 ವೋಲ್ಟ್‌ಗಿಂತ ಕೆಳಗೆ ಇಳಿಯಲು ಬಿಟ್ಟರೆ ಒಳಗಿನ ರಾಸಾಯನಿಕ ರಚನೆ ಕೆಡುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಹಾರಾಟದಲ್ಲಿ ಬ್ಯಾಟರಿ ತಗ್ಗಿದಾಗ ವಿಮಾನ ತಾನಾಗಿ ಮೋಟರಿನ ಶಕ್ತಿಯನ್ನು ಕಡಿಮೆ ಮಾಡುತ್ತದೆ, ರಡ್ಡರ್ ಮತ್ತು ಎಲಿವೇಟರ್ ಕೆಲಸ ಮಾಡುತ್ತಲೇ ಇರುತ್ತವೆ, ಹಾಗಾಗಿ ತೇಲಿಸಿಕೊಂಡು ಇಳಿಸಬಹುದು. ಆದರೆ ಇಳಿದ ಮೇಲೆ ಬ್ಯಾಟರಿಯನ್ನು ಕಳಚದೆ ಬಿಟ್ಟರೆ ರಿಮೋಟ್‌ನ ಸಂಕೇತ ಹಿಡಿಯುವ ಒಳಗಿನ ರಿಸೀವರ್ ಅದನ್ನು ಹನಿಹನಿಯಾಗಿ ಹೀರಿ ಸಾಯಿಸುತ್ತದೆ. ಇಳಿಸಿದೊಡನೆ ಮೊದಲು ಬ್ಯಾಟರಿ ಕಳಚುವುದು, ನಂತರ ರಿಮೋಟ್ ಆಫ್ ಮಾಡುವುದು, ಹಾರಿಸುವ ಮುನ್ನ ಮೊದಲು ರಿಮೋಟ್ ಆನ್ ಮಾಡಿ ಥ್ರಾಟಲ್ ಕೆಳಗಿಟ್ಟು ಆಮೇಲೆ ಬ್ಯಾಟರಿ ಜೋಡಿಸುವುದು ಕೈಗೆ ರೂಢಿಯಾಗಬೇಕು. ಕೆಲವು ದಿನ ಹಾರಿಸುವುದಿಲ್ಲವೆಂದಾದರೆ 3.8 ವೋಲ್ಟ್ ಆಸುಪಾಸಿನಲ್ಲಿ ಇಟ್ಟಿರಿ. 0.15 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆ ಹೊತ್ತು ಕಣ್ಣಳತೆಯಲ್ಲೇ ಇರಬೇಕು, ಬ್ಯಾಟರಿಯ ಕೆಳಗೆ ಬೆಂಕಿ ಹತ್ತದ ಟೈಲ್ಸ್ ಇರಲಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಮನೆಯ ಕಸಕ್ಕೆ ಹಾಕಲೂಬಾರದು, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಬೇಕು.

ಬದಲಿ ಬ್ಯಾಟರಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಹುಡುಕುವವರು ಕನೆಕ್ಟರನ್ನು ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬಾರದು. ನನಗೆ ಒಂದು ಅಂಗಡಿಯವರು ‘ಇದೇ ಸಾರ್, ಕೂರುತ್ತೆ’ ಎಂದು ಕೊಟ್ಟ ಬ್ಯಾಟರಿಯಲ್ಲಿ ಪ್ಲಗ್ ಕೂರುತ್ತಿತ್ತು ನಿಜ, ಆದರೆ ಕೆಂಪು ಮತ್ತು ಕಪ್ಪು ತಂತಿಗಳು ಅದಲುಬದಲಾಗಿದ್ದವು. ಜೋಡಿಸಿದ್ದರೆ ರಿಸೀವರ್ ಸುಟ್ಟು ಹೋಗುತ್ತಿತ್ತು.

ಮೈಯ ರಿಪೇರಿ ಕಷ್ಟವಲ್ಲ. ಫೋಮ್ ಮುರಿದರೆ ಸಾಮಾನ್ಯ ಸೂಪರ್ ಗ್ಲೂ ಹಚ್ಚುವ ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ, ಥರ್ಮೋಕೋಲ್ ಜಾತಿಯ ಫೋಮ್ ಅದಕ್ಕೆ ಕರಗಿ ಗುಂಡಿ ಬೀಳುತ್ತದೆ. ಅಂಟು ಹೆಚ್ಚಾದರೆ ತೂಕವೂ ಹೆಚ್ಚುತ್ತದೆ, ಬಾಲದ ಕಡೆ ಸೇರಿದ ಒಂದು ಗ್ರಾಂ ಕೂಡ ಮೂಗನ್ನು ಮೇಲೆತ್ತಿಸಿ ಹಾರಾಟ ಕೆಡಿಸಬಲ್ಲದು. ಹುಲ್ಲಿನಲ್ಲಿ ಬಿದ್ದಾಗ ಮೊದಲು ಥ್ರಾಟಲ್ ಪೂರ್ತಿ ಇಳಿಸಬೇಕು, ಪ್ರೊಪೆಲ್ಲರ್ ಸಿಕ್ಕಿಕೊಂಡಿರುವಾಗ ವಿದ್ಯುತ್ ಹರಿದರೆ ಪುಟ್ಟ ಮೋಟರು ಬಿಸಿಯಾಗಿ ಸುಡುತ್ತದೆ. ಪ್ರೊಪೆಲ್ಲರ್‌ನ ದಂಡಕ್ಕೆ ಸುತ್ತಿಕೊಳ್ಳುವ ಕೂದಲು, ನಾರುಗಳನ್ನು ಚಿಮುಟದಿಂದ ಆಗಾಗ ತೆಗೆಯುತ್ತಿರಬೇಕು.

ಬೇರೊಬ್ಬರ ಚಾಂಪ್ ಕೊಳ್ಳುವುದಾದರೆ ರೆಕ್ಕೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಚಿದೆಯೇ ನೋಡಿ, ಕಡ್ಡಿ ಅಲ್ಲಾಡಿಸಿದಾಗ ಬಾಲದ ಎರಡೂ ಹಲಗೆಗಳು (ರಡ್ಡರ್, ಎಲಿವೇಟರ್) ತಡೆಯಿಲ್ಲದೆ ಚಲಿಸಿ ಮತ್ತೆ ನಡುವಿಗೇ ಬರುತ್ತವೆಯೇ ಪರೀಕ್ಷಿಸಿ, ಮೋಟರಿನ ಸದ್ದು ಒಂದೇ ಸಮನಿದೆಯೇ ಕೇಳಿ. ರಿಮೋಟ್ ಜೊತೆಗಿಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ, ಇದರ ರಿಸೀವರ್ ಎಲ್ಲ ರಿಮೋಟ್‌ಗಳ ಮಾತನ್ನೂ ಕೇಳುವುದಿಲ್ಲ.