ಸಾಸಿವೆ ಸೊಪ್ಪೋ, ಪಾಲಕ್ ಸೊಪ್ಪೋ?

ಮೂಳೆಗಳ ಬಲಕ್ಕಾಗಿ ಸೊಪ್ಪನ್ನು ಆರಿಸುವವರಿಗೆ ನಾನು ಸಾಸಿವೆ ಸೊಪ್ಪನ್ನೇ ಸೂಚಿಸುತ್ತೇನೆ. 100 ಗ್ರಾಂ ಹಸಿ ಸೊಪ್ಪಿನಲ್ಲಿ ಎರಡರಲ್ಲೂ ಸುಮಾರು 100 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ, ಪಾಲಕ್‌ನಲ್ಲಿ ಹೇರಳವಾಗಿರುವ ಆಕ್ಸಲೇಟ್ ಎಂಬ ಸಹಜ ರಾಸಾಯನಿಕ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ದಕ್ಕುವುದು ಶೇಕಡಾ 5ರಷ್ಟು ಮಾತ್ರ; ಆಕ್ಸಲೇಟ್ ಕಡಿಮೆಯಿರುವ ಸಾಸಿವೆ ಸೊಪ್ಪಿನಿಂದ ಅದರ ಹಲವು ಪಟ್ಟು ಸಿಗುತ್ತದೆ. ಆಕ್ಸಲೇಟ್‌ನಿಂದ ಮೂತ್ರಪಿಂಡದಲ್ಲಿ ಕಲ್ಲಾಗುವವರಿಗೂ ಇದೇ ಲೇಸು. ವಿಟಮಿನ್ ಸಿ ಕೂಡ ಇದರಲ್ಲಿ ಪಾಲಕ್‌ಗಿಂತ ಎರಡು ಪಟ್ಟಿಗೂ ಹೆಚ್ಚು, ಆದರೆ ಬಹಳ ಹೊತ್ತು ಬೇಯಿಸಿದರೆ ನಷ್ಟವಾಗುತ್ತದೆ. ಘಾಟು ಹಿಡಿಸದವರು, ಪಂಜಾಬಿನಲ್ಲಿ ಮಾಡುವಂತೆ, ಸ್ವಲ್ಪ ಪಾಲಕ್ ಬೆರೆಸಬಹುದು. ಫೋಲೇಟ್ ಎಂಬ ಬಿ ವಿಟಮಿನ್ ಹೆಚ್ಚು ಬೇಕಾದ ಗರ್ಭಿಣಿಯರಿಗೆ ಮಾತ್ರ ಪಾಲಕ್ಕೇ ಮೇಲು. ಎರಡರಲ್ಲೂ ವಿಟಮಿನ್ ಕೆ ಅಧಿಕವಾಗಿರುವುದರಿಂದ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ವೈದ್ಯರನ್ನು ಕೇಳಿ, ತಿನ್ನುವ ಪ್ರಮಾಣವನ್ನು ವಾರದಿಂದ ವಾರಕ್ಕೆ ಒಂದೇ ಸಮನಾಗಿ ಇಟ್ಟುಕೊಳ್ಳಬೇಕು.